ಕಂಬಿ ಎಲ್ಲಿ ಕೂತಿದೆ? ಬೀಮಿನ ಬಗ್ಗೆ ಬಂದ ಆಕ್ಷೇಪಗಳಿಗೆ ಪ್ರತ್ಯುತ್ತರ

ಬೀಮಿಗೆ ಕಾಂಕ್ರೀಟು ಹಾಕುವ ಹಿಂದಿನ ಸಂಜೆ ಮನೆ ಕಟ್ಟಿಸುವವರು ಟೇಪು ಹಿಡಿದು ಸೆಂಟ್ರಿಂಗ್ ಮೇಲೆ ಹತ್ತಿ ಕಂಬಿ ಅಳೆಯಬೇಕು ಎಂದು ಬರೆದಿದ್ದೆ. ಅದಕ್ಕೆ ಇಷ್ಟು ಜನ ಸಿಟ್ಟಾಗುತ್ತಾರೆ ಎಂದು ಎಣಿಸಿರಲಿಲ್ಲ. ಮೇಸ್ತ್ರಿಯೊಬ್ಬರು ಫೋನ್ ಮಾಡಿ, ‘ಸಾರ್, ಓನರ್ ಕೈಗೆ ಟೇಪ್ ಕೊಟ್ರೆ ನಮ್ ಕೆಲಸ ಮುಗೀತು’ ಅಂದರು. ಇಬ್ಬರು ಗುತ್ತಿಗೆದಾರರು ಉದ್ದುದ್ದ ಪತ್ರ ಬರೆದರು. ಯುವ ಎಂಜಿನಿಯರೊಬ್ಬರು ಪುಟಗಟ್ಟಲೆ ಲೆಕ್ಕ ಮಾಡಿ, ನನ್ನ ಮಾತಿನಲ್ಲಿ ಅರ್ಧ ಉತ್ಪ್ರೇಕ್ಷೆ ಎಂದು ತೋರಿಸಿದ್ದಾರೆ. ಅವರ ಲೆಕ್ಕ ಬಹುಪಾಲು ಸರಿ. ಆದ್ದರಿಂದ ಈ ಉತ್ತರದಲ್ಲಿ ಒಂದೆರಡು ಕಡೆ ನಾನೇ ಸೋಲಬೇಕಾಗುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಬೀಮನ್ನು ಇಟ್ಟುಕೊಳ್ಳೋಣ. ಸಾಧಾರಣ ಮನೆಯ ಬೀಮು: ಅಗಲ 230 ಮಿ.ಮೀ., ಆಳ 450 ಮಿ.ಮೀ., ಎಂ20 ಕಾಂಕ್ರೀಟು, ಕೆಳಗೆ ಎಫ್‌ಇ500 ದರ್ಜೆಯ 16 ಮಿ.ಮೀ. ಕಂಬಿ ಎರಡು, 8 ಮಿ.ಮೀ. ರಿಂಗು 150 ಮಿ.ಮೀ.ಗೆ ಒಂದರಂತೆ. ಕಾಂಕ್ರೀಟು ಕೆಲಸದ ಭಾರತೀಯ ಸಂಹಿತೆ ಐಎಸ್ 456ರ ಸೂತ್ರ ಹಾಕಿದರೆ ಇದರ ಬಾಗುವ ಶಕ್ತಿ ಸುಮಾರು 64 ಕಿಲೋನ್ಯೂಟನ್ ಮೀಟರ್. ಇನ್ನು ಮುಂದೆ ಬರುವ ಲೆಕ್ಕವೆಲ್ಲ ಇದರದೇ.

‘ಎಂಜಿನಿಯರ್ ಹೇಗೂ ಒಂದೂವರೆ ಪಟ್ಟು ಸೇಫ್ಟಿ ಇಟ್ಟಿರ್ತಾರೆ. ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಅದು ತಡ್ಕೊಳ್ಳುತ್ತೆ.’ ಇದು ಎಲ್ಲರ ಬಾಯಲ್ಲೂ ಬಂದ ಮೊದಲ ಮಾತು. ಸ್ವಲ್ಪ ಹೆಚ್ಚುಕಮ್ಮಿ ತಡೆದುಕೊಳ್ಳುತ್ತದೆ, ನಿಜ. ‘ಸ್ವಲ್ಪ’ ಎಂದರೆ ಎಷ್ಟು ಎಂಬುದನ್ನೂ ಐಎಸ್ 456 ಬರೆದಿಟ್ಟಿದೆ: ನಮ್ಮ ಬೀಮಿನ ಮಟ್ಟದ ಆಳಕ್ಕೆ ಕಂಬಿ ಮೇಲೆ ಕೆಳಗೆ 15 ಮಿ.ಮೀ. ಆಚೀಚೆ ಆಗಬಹುದು, ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ, 10 ಮಿ.ಮೀ. ಹೆಚ್ಚಾಗಬಹುದು, ಕಡಿಮೆ ಮಾತ್ರ ಆಗಕೂಡದು. ಅದರಾಚೆಗಿನದು ಮೇಸ್ತ್ರಿಗೆ ಬಿಟ್ಟುಕೊಟ್ಟ ರಿಯಾಯಿತಿ ಅಲ್ಲ. ಭಾರಕ್ಕೆ ಹಾಕುವ 1.5, ಕಾಂಕ್ರೀಟಿಗೆ ಹಾಕುವ 1.5, ಕಂಬಿಗೆ ಹಾಕುವ 1.15 ಇವು ಮೂರೂ ಬೇರೆ ಬೇರೆ ಹುಂಡಿಗಳು. ಒಂದರ ದುಡ್ಡು ಇನ್ನೊಂದಕ್ಕೆ ಬರುವುದಿಲ್ಲ. ಕಂಬಿಯ ಹುಂಡಿಯನ್ನು ನೋಡಿ, ಬರೀ ಶೇ. 15. ಭಾರದ ಹುಂಡಿಯಂತೂ ಮನೆಯವರು ಮುಂದೆ ಮಾಡಲಿರುವ ಕೆಲಸಗಳಿಗೆ ಮೀಸಲು. ಮೇಲೊಂದು ರೂಮು ಎಬ್ಬಿಸುತ್ತಾರೆ, ಸಾವಿರ ಲೀಟರಿನ ಟ್ಯಾಂಕು ತಂದಿಡುತ್ತಾರೆ, ಅಂದರೆ ಒಂದು ಟನ್. ಆ ಹುಂಡಿಯನ್ನು ಕಟ್ಟುವಾಗಲೇ ನಾವು ಖಾಲಿ ಮಾಡಿಟ್ಟರೆ ಟ್ಯಾಂಕು ಎಲ್ಲಿ ಕೂರಬೇಕು?

ಈಗ ಯುವ ಎಂಜಿನಿಯರ್ ಸರದಿ. ‘ಕಾಂಕ್ರೀಟು ಕಳಪೆಯಾದರೆ ಬೀಮು ಕಳಪೆಯಾಗುತ್ತದೆ ಎಂದು ಹೆದರಿಸುತ್ತೀರಿ. ಎಂ20 ಬದಲು ಎಂ15 ಬಂದರೂ ಬಾಗುವ ಶಕ್ತಿ ಎಷ್ಟು ಕಡಿಮೆಯಾಗುತ್ತದೆ, ಲೆಕ್ಕ ಹಾಕಿದ್ದೀರಾ?’ ಹಾಕಿದೆ. ಕಾಂಕ್ರೀಟಿನ ಬಲ ಕಾಲು ಭಾಗ ಇಳಿದರೆ ನಮ್ಮ ಬೀಮಿನ ಬಾಗುವ ಶಕ್ತಿ 64ರಿಂದ 61ಕ್ಕೆ ಇಳಿಯುತ್ತದೆ, ಶೇ. 4 ಮಾತ್ರ. ಈ ವಿಷಯದಲ್ಲಿ ನಾನು ಸೋತೆ. ಕಂಬಿ ಮಿತವಾಗಿರುವ ಬೀಮಿನಲ್ಲಿ ಎಳೆತವನ್ನೆಲ್ಲ ಹೊರುವುದು ಕಂಬಿ. ಕಾಂಕ್ರೀಟು ದುರ್ಬಲವಾದರೆ ಒತ್ತುವ ಪಟ್ಟಿ ಸ್ವಲ್ಪ ಅಗಲವಾಗಿ ಹೊಂದಿಕೊಳ್ಳುತ್ತದೆ, ಅಷ್ಟೇ. ಕಂಬಿ ತುಂಬಿದ ಬೀಮಾದರೆ ಕಥೆ ಬೇರೆ. ಇದೇ ಅಳತೆಯಲ್ಲಿ ಮೂರು ಕಂಬಿ ಹಾಕಿ ಎಂ15 ತಂದರೆ ಇಳಿತ ಶೇ. 14 ದಾಟುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಕಂಬಿ ಹಿಗ್ಗುವ ಮೊದಲೇ ಕಾಂಕ್ರೀಟು ಪುಡಿಯಾಗುವ ಅಪಾಯ.

ಆದರೂ ಅವರ ಲೆಕ್ಕದ ಹಿಂದಿನ ತೀರ್ಮಾನವನ್ನು ಒಪ್ಪಲಾರೆ. ‘ಹಾಗಾದರೆ ನೀರು ಹೆಚ್ಚಾದರೇನು’ ಎಂದು ಅವರು ಮುಗಿಸಿದ್ದಾರೆ. 1:1.5:3ರ ಮಿಶ್ರಣಕ್ಕೆ ಒಂದು ಮೂಟೆ ಸಿಮೆಂಟಿಗೆ 30 ಲೀಟರ್ ನೀರು ಮಿತಿ. ಮರಳಿನ ತೇವವೂ ಅದರಲ್ಲೇ ಸೇರಿದೆ. ಮಳೆಗಾಲದಲ್ಲಿ ಇದನ್ನು ನೆನೆಯುವವರೇ ಇಲ್ಲ. ಬಾಂಡ್ಲಿಯಿಂದ ಸಲೀಸಾಗಿ ಜಾರಲಿ ಎಂದು ಇನ್ನೊಂದು ಬಕೆಟ್, ಹತ್ತು ಲೀಟರ್, ಸುರಿದರೆ ನೀರು–ಸಿಮೆಂಟಿನ ಅನುಪಾತ 0.6ರಿಂದ 0.8ಕ್ಕೆ ಹೋಗುತ್ತದೆ, ಬಲ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಡಫ್ ಏಬ್ರಮ್ಸ್ 1918ರಲ್ಲೇ ಇದನ್ನು ನಿಯಮವಾಗಿ ಹೇಳಿದ. ಬಾಗುವಿಕೆ ಇದನ್ನು ಸಹಿಸಿಕೊಂಡೀತು. ಪಿಲ್ಲರ್ ಸಹಿಸುವುದಿಲ್ಲ, ಏಕೆಂದರೆ ಅಲ್ಲಿ ಭಾರದ ದೊಡ್ಡ ಪಾಲು ಕಾಂಕ್ರೀಟಿನದೇ. ಬೀಮಿಗೂ ಪಿಲ್ಲರಿಗೂ ಒಂದೇ ಮಿಕ್ಸರ್ ತಿರುಗುತ್ತಿರುತ್ತದೆ. ಕಂಬಿಯ ಹಿಡಿತವೂ ಸಹಿಸುವುದಿಲ್ಲ. ಎಂ20ಯಲ್ಲಿ ಎಫ್‌ಇ500 ಕಂಬಿ ಪೂರ್ತಿ ಎಳೆತ ಪಡೆಯಬೇಕಾದರೆ ತನ್ನ ದಪ್ಪದ 57 ಪಟ್ಟು ಉದ್ದ ಕಾಂಕ್ರೀಟಿನೊಳಗೆ ಹೂತಿರಬೇಕು, 16 ಮಿ.ಮೀ. ಕಂಬಿಗೆ 90 ಸೆಂ.ಮೀ. ಚಿಲ್ಲರೆ. ಸೈಟುಗಳಲ್ಲಿ ‘ಒಂದೂವರೆ ಅಡಿ ಲ್ಯಾಪು ಕೊಟ್ಟಿದೀವಿ’ ಎಂಬುದು ಹೆಮ್ಮೆಯ ಮಾತು. ಅದು ಬೇಕಾದ್ದರಲ್ಲಿ ಅರ್ಧ. ಅರ್ಧ ಲ್ಯಾಪಿನ ಕಂಬಿ ಹೆಚ್ಚು ಕಡಿಮೆ ಅರ್ಧ ಕಂಬಿ. ಅದರ ಮೇಲೆ ಕಾಂಕ್ರೀಟೂ ನೀರಾದರೆ ಅರ್ಧವೂ ಉಳಿಯದು.

ಅದೇ ಪತ್ರದಲ್ಲಿ ಇನ್ನೊಂದು ಜಾಣ ಪ್ರಶ್ನೆಯಿದೆ, ನನಗೆ ತುಂಬ ಇಷ್ಟವಾಯಿತು. ‘ಕವರ್ ಬ್ಲಾಕ್ ಇಡದೆ ಕಂಬಿ ಸೆಂಟ್ರಿಂಗ್ ತಳಕ್ಕೇ ಕೂತರೆ ಬೀಮಿನ ಬಲ ಹೆಚ್ಚುತ್ತದಲ್ಲವೇ?’ ಹೆಚ್ಚುತ್ತದೆ! 25 ಮಿ.ಮೀ. ಕೆಳಗಿಳಿದ ಕಂಬಿಗೆ ಲೆಕ್ಕದ ಹಾಳೆಯ ಮೇಲೆ ಶೇ. 7ರಷ್ಟು ಹೆಚ್ಚು ಶಕ್ತಿ. ಆದರೆ ತಳಕ್ಕೆ ಅಂಟಿದ ಕಂಬಿಯ ಸುತ್ತ ಕಾಂಕ್ರೀಟೇ ಇಲ್ಲ, ಕೆಳಬದಿ ಬರಿಮೈ. ಹಿಡಿತವಿಲ್ಲದ ಕಂಬಿಗೆ ಆ ಏಳು ಶೇಕಡ ಬರುವುದೆಲ್ಲಿಂದ? ಹಿಡಿತ ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಅದು ಮೊದಲ ದಿನದ ಲೆಕ್ಕ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿಯುವ ಆಳ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಹಾಗಾಗಿ ಕವರ್ ಅರ್ಧವಾದರೆ ಕಂಬಿ ತುಕ್ಕಿಗೆ ತೆರೆದುಕೊಳ್ಳುವ ಹೊತ್ತು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ನಲವತ್ತು ವರ್ಷ ಬರಬೇಕಾದ್ದು ಹತ್ತು. ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಬೀಮಿನ ತಳ ಉದ್ದಕ್ಕೆ ಬಿರಿಯುತ್ತದೆ. ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲ ಗಾಳಿಗೆ ಮೈಯೊಡ್ಡಿದ ಕಾಂಕ್ರೀಟಿಗೆ ಸಂಹಿತೆ 45 ಮಿ.ಮೀ. ಕವರ್ ಕೇಳುತ್ತದೆ, ಒಳನಾಡಿನ ಒಳಗೋಡೆಯ 20 ಅಲ್ಲ. ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ತುರುಕುವವರಿಗೆ ಒಂದು ಮಾತು: ಜಲ್ಲಿ ತುಳಿತಕ್ಕೆ ಉರುಳುತ್ತದೆ, ಬ್ಲಾಕು ತಂತಿ ಕಟ್ಟಿಸಿಕೊಂಡು ಅಲ್ಲೇ ಕೂರುತ್ತದೆ.

ಕೆಳಕಂಬಿ ಕೆಳಗಿಳಿದರೆ ಇಷ್ಟು. ಮೇಲ್ಕಂಬಿ ಕೆಳಗಿಳಿದರೆ? ಇಲ್ಲಿಂದ ಮುಂದೆ ನಾನು ಸೋಲುವುದಿಲ್ಲ.

ಗುತ್ತಿಗೆದಾರರೊಬ್ಬರ ವಾದ ಹೀಗಿದೆ: ‘ಡ್ರಾಯಿಂಗ್‌ನಲ್ಲಿ ಇರೋ ಕಂಬಿ ಒಂದೂ ಬಿಡದೆ ಹಾಕಿದೀವಿ. ಬಿಲ್ಲು ಬೇಕಾದ್ರೆ ತೋರಿಸ್ತೀನಿ. ತೂಕ ಸರಿಯಿದ್ದ ಮೇಲೆ ಇನ್ನೇನು ತಕರಾರು?’ ತಕರಾರು ತೂಕದ ಬಗ್ಗೆ ಅಲ್ಲ, ಜಾಗದ ಬಗ್ಗೆ. ಬೀಮು ಪಿಲ್ಲರಿನ ಮೇಲೆ ಹಾಯುವಲ್ಲಿ ಎಳೆತ ಮೇಲ್ಭಾಗದಲ್ಲಿರುತ್ತದೆ, ಸಜ್ಜಾ, ಬಾಲ್ಕನಿ, ಪೋರ್ಟಿಕೊಗಳಲ್ಲಿ ಬುಡದಿಂದ ತುದಿಯವರೆಗೂ ಮೇಲೇ ಎಳೆತ. ಮೋಲ್ಡ್ ಹಾಕುವ ದಿನ ಬಾಂಡ್ಲಿ ಹೊತ್ತವರು ಬೆಳಗಿನಿಂದ ಸಂಜೆವರೆಗೆ ನಡೆಯುವುದು ಈ ಮೇಲ್ಕಂಬಿಯ ಮೇಲೆಯೇ. ಅವರನ್ನು ಬೈದು ಫಲವಿಲ್ಲ, ನಡೆಯಲು ಹಲಗೆ ಹಾಸದವರು ನಾವು. ನಮ್ಮ ಬೀಮಿನ ಮೇಲ್ಕಂಬಿ ಐದು ಸೆಂ.ಮೀ. ತಗ್ಗಿದರೆ ಆ ಜಾಗದಲ್ಲಿ ಶೇ. 14 ನಷ್ಟ. ತೆಳುವಾದ್ದರಲ್ಲಿ ಏನಾಗುತ್ತದೆ ನೋಡಿ: 100 ಮಿ.ಮೀ. ದಪ್ಪದ ಸಜ್ಜಾ, 8 ಮಿ.ಮೀ. ಕಂಬಿ 150ಕ್ಕೊಂದು. ಕಂಬಿ ಮೂರೇ ಮೂರು ಸೆಂ.ಮೀ. ತಗ್ಗಿದರೆ ಶಕ್ತಿಯಲ್ಲಿ ಶೇ. 44 ಹೋಯಿತು. ಎರಡು ಬೆರಳಿನ ಅಗಲಕ್ಕೂ ಕಡಿಮೆ! ಪೂರ್ತಿ ತಳಕ್ಕೇ ಕೂತರೆ ಆ ಸಜ್ಜಾ ಕಂಬಿಯಿಲ್ಲದ ಹಲಗೆ. ಸೆಂಟ್ರಿಂಗ್ ಬಿಚ್ಚುವ ದಿನವೇ ಬಿದ್ದ ಸಜ್ಜಾಗಳ ಕಥೆ ಪ್ರತಿ ಊರಲ್ಲೂ ಇರುವುದು ಇದಕ್ಕೇ. ಈ ನಷ್ಟಕ್ಕೆ ಸಿಮೆಂಟು ಕದಿಯಬೇಕಿಲ್ಲ, ಕಂಬಿ ಕದಿಯಬೇಕಿಲ್ಲ. ಬಿಲ್ಲು ಸರಿಯಾಗಿಯೇ ಇರುತ್ತದೆ, ಕ್ಯೂಬ್ ಪರೀಕ್ಷೆಯೂ ಪಾಸಾಗುತ್ತದೆ. ಮೇಲ್ಕಂಬಿಯನ್ನು ಎತ್ತಿ ಹಿಡಿಯುವ ನೂರು ರೂಪಾಯಿಯ ಚೇರ್ ಕಂಬಿ ಉಳಿಸಿದ್ದಷ್ಟೇ ಲಾಭ.

ರಿಂಗಿನ ವಿಷಯದಲ್ಲಿ ನನಗೆ ಬಂದ ಮಾತು ಇದು: ‘ರಿಂಗ್ ಇರೋದು ಕಂಬಿ ಹಿಡ್ಕೊಳ್ಳೋಕೆ. ಕಾಂಕ್ರೀಟ್ ಬಿದ್ಮೇಲೆ ಅದರ ಕೆಲಸ ಮುಗೀತು.’ ಈ ಒಂದು ತಪ್ಪು ತಿಳಿವಳಿಕೆಯಷ್ಟು ಅಪಾಯಕಾರಿಯಾದದ್ದು ಸೈಟಿನಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ರಿಂಗಿನ ಕೆಲಸ ಶುರುವಾಗುವುದೇ ಕಾಂಕ್ರೀಟು ಗಟ್ಟಿಯಾದ ಮೇಲೆ. ಪಿಲ್ಲರಿನ ಹತ್ತಿರ ಬೀಮು ಓರೆಯಾಗಿ ಸೀಳಲು ನೋಡುತ್ತದೆ, ಆ ಸೀಳನ್ನು ಹೊಲಿಗೆಯಂತೆ ಹಿಡಿದಿಡುವುದು ರಿಂಗು. ನಮ್ಮ ಬೀಮಿನಲ್ಲಿ ಶಿಯರ್, ಅಂದರೆ ಹೀಗೆ ಸೀಳುವ ಬಲ, ಹೊರುವ ಶಕ್ತಿ ಒಟ್ಟು ಸುಮಾರು 141 ಕಿಲೋನ್ಯೂಟನ್. ಕಾಂಕ್ರೀಟಿನ ಪಾಲು ಅದರಲ್ಲಿ 42, ಉಳಿದ 99 ರಿಂಗಿನದು. 150ಕ್ಕೆ ಒಂದು ಎಂದಿದ್ದನ್ನು ಕೈ ಅಳತೆಯಲ್ಲಿ 225ಕ್ಕೆ ಕಟ್ಟಿದರೆ 141 ಹೋಗಿ 108 ಆಯಿತು. ಅಂತರ ಸರಿಯಿಟ್ಟು 8ರ ಬದಲು 6 ಮಿ.ಮೀ. ಕಂಬಿ ಬಗ್ಗಿಸಿದರೆ ಇನ್ನೂ ಕೆಳಗೆ, 98. ನಾಲ್ಕು ಮೀಟರ್ ಬೀಮಿನಲ್ಲಿ ಹೀಗೆ ಉಳಿಯುವುದೆಷ್ಟು? 8 ಮಿ.ಮೀ. ಕಂಬಿ ಮೀಟರಿಗೆ 395 ಗ್ರಾಂ, 6 ಮಿ.ಮೀ. 222 ಗ್ರಾಂ. ಇಪ್ಪತ್ತೆಂಟು ರಿಂಗಿಗೆ ಲೆಕ್ಕ ಹಾಕಿದರೆ ಆರು ಕೆ.ಜಿ. ಚಿಲ್ಲರೆ. ಆರು ಕೆ.ಜಿ. ಕಬ್ಬಿಣಕ್ಕೆ ಬೀಮಿನ ಶಿಯರ್ ಶಕ್ತಿಯಲ್ಲಿ ಶೇ. 31 ಮಾರಿದಂತೆ.

ಬಾಗಿ ಸೋಲುವ ಬೀಮು ಮೊದಲು ಜೋತುಬೀಳುತ್ತದೆ, ತಳದಲ್ಲಿ ಬಿರುಕು ಬಿಟ್ಟು ಕರೆಯುತ್ತದೆ, ಓಡಲು ಹೊತ್ತು ಕೊಡುತ್ತದೆ. ಶಿಯರ್‌ನಲ್ಲಿ ಸೋಲುವುದು ಹಾಗಲ್ಲ. ಸಂಹಿತೆ ಬರೆದವರು ಶಿಯರ್‌ಗೆ ಅಷ್ಟು ಹೆದರುವುದು ಅದಕ್ಕೇ. ರಿಂಗಿನ ಕೊಕ್ಕೆಯ ಮಾತೂ ಇದೆ. ಭೂಕಂಪದ ಸಂಹಿತೆ ಐಎಸ್ 13920 ಕೊಕ್ಕೆಯನ್ನು 135 ಡಿಗ್ರಿ ಬಗ್ಗಿಸಿ ತುದಿಯನ್ನು ಒಳಗಿನ ಕಾಂಕ್ರೀಟಿಗೆ ಚುಚ್ಚಿ ಎನ್ನುತ್ತದೆ, ನಮ್ಮವರು 90ಕ್ಕೆ ಮಡಚಿ ಬಿಡುತ್ತಾರೆ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ಆಚೆಯ ಅಹ್ಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಕೆಳಮಹಡಿಯನ್ನು ಪಾರ್ಕಿಂಗಿಗೆಂದು ಗೋಡೆಯಿಲ್ಲದೆ ಬಿಟ್ಟದ್ದು ದೊಡ್ಡ ಕಾರಣ. ಅದರ ಜೊತೆಗೆ ನೋಡಿಬಂದವರು ಮತ್ತೆ ಮತ್ತೆ ಬರೆದದ್ದು ಈ ವಿರಳ ರಿಂಗು, ಬಿಚ್ಚಿಕೊಂಡ 90 ಡಿಗ್ರಿ ಕೊಕ್ಕೆಗಳ ಬಗ್ಗೆ. ‘ನಮ್ಮ ಕಡೆ ಭೂಕಂಪ ಆಗಲ್ಲ ಸಾರ್’ ಎಂಬ ಮಾತಿಗೆ ಉತ್ತರಿಸುವ ಉತ್ಸಾಹ ನನಗಿಲ್ಲ. ಕೊಕ್ಕೆಯನ್ನು ಇನ್ನೊಂದು 45 ಡಿಗ್ರಿ ಬಗ್ಗಿಸಲು ಬಾರ್ ಬೆಂಡರ್‌ಗೆ ಬೇಕಾದ್ದು ಒಂದು ಕ್ಷಣ.

‘ಮೂವತ್ತು ವರ್ಷದಿಂದ ಹೀಗೇ ಕಟ್ತಾ ಇದೀನಿ, ಒಂದೂ ಬಿದ್ದಿಲ್ಲ.’

ಇದು ಫೋನ್ ಮಾಡಿದ ಮೇಸ್ತ್ರಿಯವರ ಮಾತು, ಹಾಗಾಗಿ ಗೌರವದಿಂದಲೇ ಉತ್ತರಿಸುತ್ತೇನೆ. ಅವರ ಮನೆಗಳು ನಿಂತಿರುವುದು ಸುಳ್ಳಲ್ಲ. ಮನೆಯ ಬೀಮಿನ ಮೇಲೆ ಲೆಕ್ಕದ ಪೂರ್ತಿ ಭಾರ ಬೀಳುವ ದಿನ ಬಹುಶಃ ಬರುವುದೇ ಇಲ್ಲ. ಗೋಡೆಗಳೂ ಸದ್ದಿಲ್ಲದೆ ಒಂದಿಷ್ಟು ಹೊರುತ್ತವೆ. ಆದರೆ ಬೀಳದೆ ನಿಂತದ್ದು ಸರಿಯಾಗಿ ಕಟ್ಟಿದ್ದಕ್ಕೆ ಸಾಕ್ಷಿಯಾಗದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾವಾಲ್ ಪಟ್ಟಣದಲ್ಲಿ ಕಾಂಕೋರ್ಡ್ ಎಂಬ ಮೇಲ್ಸೇತುವೆಯಿತ್ತು, 1970ರಲ್ಲಿ ಕಟ್ಟಿದ್ದು. 2006ರ ಸೆಪ್ಟೆಂಬರ್ 30ರ ಮಧ್ಯಾಹ್ನ ಅದು ಕೆಳಗಿನ ಹೆದ್ದಾರಿಯ ಮೇಲೆ ಕುಸಿಯಿತು, ಐವರು ಸತ್ತರು, ಆರು ಮಂದಿ ಗಾಯಗೊಂಡರು. ಪಿಯೆರ್ ಮಾರ್ಕ್ ಜಾನ್ಸನ್ ಅಧ್ಯಕ್ಷತೆಯ ಆಯೋಗ ಮರುವರ್ಷ ವರದಿ ಕೊಟ್ಟಿತು. ಚಾಚುಭಾಗದ ತುದಿಯಲ್ಲಿ ಭಾರವನ್ನು ಮೇಲಕ್ಕೆ ತೂಗಿ ಹಿಡಿಯಬೇಕಿದ್ದ ಯು ಆಕಾರದ ಕಂಬಿಗಳನ್ನು ಕಟ್ಟುವಾಗಲೇ ಸರಿಯಾದ ಮಟ್ಟದಲ್ಲಿ ಕೂರಿಸಿರಲಿಲ್ಲ. ದಪ್ಪನೆಯ ಮೇಲ್ಕಂಬಿಗಳ ಕೆಳಗೆ ಬಂದು ಕೂತಿದ್ದವು. ಅವೆರಡರ ನಡುವೆ ಕಂಬಿಯೇ ಇಲ್ಲದ ದುರ್ಬಲ ಪದರವೊಂದು ಉಳಿಯಿತು. ಶಿಯರ್‌ಗೆ ಪ್ರತ್ಯೇಕ ಕಂಬಿಯನ್ನು ವಿನ್ಯಾಸದಲ್ಲೇ ಕೊಟ್ಟಿರಲಿಲ್ಲ, ಕಾಂಕ್ರೀಟಿನ ಗುಣಮಟ್ಟವೂ ಕಡಿಮೆಯಿತ್ತು. ಮಂಜು, ಉಪ್ಪು ಸೇರಿ ಆ ಪದರದಲ್ಲಿ ಬಿರುಕು ಒಳಗೊಳಗೇ ಬೆಳೆಯಿತು.

ಮೇಸ್ತ್ರಿಯವರೇ, ಲೆಕ್ಕ ನೋಡಿ: 36 ವರ್ಷ ಅದೂ ಬಿದ್ದಿರಲಿಲ್ಲ. ಮೂವತ್ತನೇ ವರ್ಷ ಅದನ್ನು ಕಟ್ಟಿದವರನ್ನು ಕೇಳಿದ್ದರೆ ನಿಮ್ಮ ಮಾತನ್ನೇ ಹೇಳುತ್ತಿದ್ದರು.

(ಧಾರವಾಡದ ಕುಮಾರೇಶ್ವರ ನಗರ, ಬೆಂಗಳೂರಿನ ಬಾಬುಸಾಪಾಳ್ಯ, ಇಲ್ಲಿನ ಕಟ್ಟಡ ಕುಸಿತಗಳನ್ನೇಕೆ ಎತ್ತಲಿಲ್ಲ ಎಂದು ಇನ್ನೊಂದು ಪತ್ರ ಕೇಳಿದೆ. ಕುಸಿದ ಕಟ್ಟಡಕ್ಕೆ ಹತ್ತು ಕಾರಣ ಕೂಡಿರುತ್ತವೆ. ಅದನ್ನು ನನ್ನ ಒಂದು ವಾದಕ್ಕೆ ಸಾಕ್ಷಿಯಾಗಿ ಎಳೆಯುವುದು ಸತ್ತವರಿಗೂ ನ್ಯಾಯವಲ್ಲ.)

ಜಲ್ಲಿ ಎದ್ದು ಕಾಣುವ ಬೀಮಿಗೆ ಸಿಮೆಂಟ್ ಹಾಲು ಬಳಿದು ಪ್ಲಾಸ್ಟರ್ ಮಾಡಿದರೆ ಆಯಿತು ಎನ್ನುವವರಿಗೆ ಚುಟುಕಾಗಿ: ಕಾಂಕ್ರೀಟಿನೊಳಗೆ ನೂರಕ್ಕೆ ಐದು ಪಾಲು ಪೊಳ್ಳು ಉಳಿದರೆ ಬಲದಲ್ಲಿ ಸುಮಾರು ಶೇ. 30 ಹೋಗುತ್ತದೆ. ಎದ್ದು ಕಾಣುವ ಜಲ್ಲಿ ಆ ಪೊಳ್ಳಿನ ಹೊರಬಾಗಿಲಷ್ಟೇ. ಸಡಿಲವಾದದ್ದನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಕೆತ್ತಿ, ಕಂಬಿ ಕಂಡರೆ ಅದರ ಹಿಂದಕ್ಕೂ ಕೆತ್ತಿ, ಆಮೇಲೆ ತುಂಬಬೇಕು. ವೈಬ್ರೇಟರ್ ಬಾಡಿಗೆ ಇದಕ್ಕಿಂತ ಅಗ್ಗ. ಪ್ಲಂಬರ್ ಬೀಮಿಗೆ ನಾಲ್ಕಿಂಚು ತೂತು ಕೊರೆದು ಪೈಪ್ ಹಾಯಿಸುವುದಕ್ಕೂ ಇದೇ ಸಾಲಿನಲ್ಲಿ ಜಾಗ ಕೊಡುತ್ತೇನೆ. ಅದೂ ಪಿಲ್ಲರ್ ಪಕ್ಕದಲ್ಲೇ ಕೊರೆಯುತ್ತಾರೆ, ಶಿಯರ್ ಅತಿ ಹೆಚ್ಚಿರುವ ಜಾಗ.

‘ಜಾಕಿ ಬಾಡಿಗೆ ದಿನಕ್ಕೆ ಇಷ್ಟು ಅಂತ ಏರ್ತಾ ಇರುತ್ತೆ, ಏಳು ದಿನಕ್ಕೇ ಬಿಚ್ಚಿದ್ರೆ ಏನಾಗುತ್ತೆ?’ ಏಳು ದಿನಕ್ಕೆ ಸಾಮಾನ್ಯ ಸಿಮೆಂಟಿನ ಕಾಂಕ್ರೀಟು ತನ್ನ ಬಲದ ಮೂರನೇ ಎರಡು ಭಾಗದ ಆಸುಪಾಸಿನಲ್ಲಿರುತ್ತದೆ, ಕ್ಯೂರಿಂಗ್ ಸರಿಯಿದ್ದರೆ. ಏಳನೇ ದಿನ ಬೀಮಿನ ತಳದ ಹಲಗೆ ಬಿಚ್ಚಿ, ತಕ್ಷಣ ಜಾಕಿ ಮರಳಿ ಕೊಡಿ ಎನ್ನುತ್ತದೆ ಸಂಹಿತೆ. ಜಾಕಿ ತೆಗೆಯಲು 6 ಮೀಟರ್‌ವರೆಗಿನ ಬೀಮಿಗೆ 14 ದಿನ, ಅದಕ್ಕಿಂತ ಉದ್ದಕ್ಕೆ 21. ಜನ ಹಲಗೆಯ ಏಳನ್ನು ಜಾಕಿಗೆ ಅಂಟಿಸಿಕೊಂಡಿದ್ದಾರೆ. ಮೇಲಿನ ಮಹಡಿಯ ಹಸಿ ಕಾಂಕ್ರೀಟಿನ ಭಾರ ಕೆಳಗಿನ ಎಳೆ ಬೀಮಿನ ಮೇಲೆ ಬೀಳುವಾಗ ಇದು ಬಾಡಿಗೆಯ ಮಾತಾಗಿ ಉಳಿಯುವುದಿಲ್ಲ. 1973ರ ಮಾರ್ಚ್ 2ರಂದು ಅಮೆರಿಕದ ವರ್ಜೀನಿಯಾದಲ್ಲಿ ಸ್ಕೈಲೈನ್ ಪ್ಲಾಜಾದ ಕಟ್ಟಡ ಕಟ್ಟುತ್ತಿರುವಾಗಲೇ ಕುಸಿದು 14 ಕೆಲಸಗಾರರು ಸತ್ತರು. ಕಾಂಕ್ರೀಟು ಬಲಿಯುವ ಮೊದಲೇ ಆಸರೆ ತೆಗೆದದ್ದೇ ಕಾರಣ.

ಉಳಿದದ್ದು ಒಬ್ಬ ಮನೆಯೊಡೆಯರ ಪ್ರಶ್ನೆ. ‘ನಿಮ್ಮ ಲೇಖನ ಓದುವ ಹೊತ್ತಿಗೆ ನಮ್ಮ ಬೀಮು ಮುಗಿದಿತ್ತು. ಈಗ ಒಡೆದು ಹಾಕಬೇಕಾ?’ ಬೇಡ. ಮೊದಲು ಕವರ್ ಮೀಟರ್ ತರಿಸಿ; ಕಂಬಿ ಎಲ್ಲಿದೆ, ರಿಂಗು ಎಷ್ಟು ದೂರಕ್ಕಿದೆ ಎಂದು ಅದು ಹೊರಗಿನಿಂದಲೇ ಹೇಳುತ್ತದೆ. ರಿಂಗು ಕಡಿಮೆಯಿದ್ದರೆ ಯಾವ ಪರೀಕ್ಷೆಗೂ ಕಾಯದೆ ಎಂಜಿನಿಯರ್ ಹತ್ತಿರ ಹೋಗಿ, ಬೀಮಿಗೆ ಹೊರಗಿನಿಂದ ಜಾಕೆಟ್ ಹಾಕುವ ದಾರಿಗಳಿವೆ. ಬಾಗುವ ಶಕ್ತಿಯ ಬಗ್ಗೆ ಮಾತ್ರ ಅನುಮಾನವಿದ್ದರೆ ಭಾರ ಹಾಕಿ ನೋಡುವ ಪರೀಕ್ಷೆಯನ್ನು ಸಂಹಿತೆಯೇ ಕೊಟ್ಟಿದೆ. ಕಾಂಕ್ರೀಟಿಗೆ 28 ದಿನ ತುಂಬಿದ ಮೇಲೆ ಸ್ಥಿರಭಾರದ ಜೊತೆಗೆ ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಹೊರಿಸಿಡಬೇಕು. ಮನೆಯ ರೂಮಿಗೆ ಅದು ಚದರ ಮೀಟರಿಗೆ 250 ಕೆ.ಜಿ., ಅಂದರೆ ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿ 25 ಸೆಂ.ಮೀ. ನೀರು ನಿಲ್ಲಿಸಿದಷ್ಟು. ಟೈಲ್ಸು, ಗೋಡೆ ಇನ್ನೂ ಬಂದಿರದಿದ್ದರೆ ಅವುಗಳ ತೂಕ ಬೇರೆ. ನಾಲ್ಕು ಮೀಟರಿನ ನಮ್ಮ ಬೀಮು 1.4 ಮಿ.ಮೀ. ಒಳಗೆ ಬಾಗಿದರೆ ಮುಂದಿನ ತಕರಾರೇ ಇಲ್ಲ. ಹೆಚ್ಚು ಬಾಗಿದರೆ ಭಾರ ಇಳಿಸಿ ಇನ್ನೊಂದು 24 ಗಂಟೆಯಲ್ಲಿ ಬಾಗಿದ್ದರಲ್ಲಿ ಮುಕ್ಕಾಲು ಪಾಲು ಹಿಂದಕ್ಕೆ ಬರಬೇಕು. ಬಾರದಿದ್ದರೆ 72 ಗಂಟೆ ಬಿಟ್ಟು ಮತ್ತೊಮ್ಮೆ ಪರೀಕ್ಷೆ, ಆಗ ನೂರಕ್ಕೆ 80. ನೀರು ತುಂಬುವಾಗ ಬೀಮಿನ ಕೆಳಗೆ ಬೆರಳು ತೂರುವಷ್ಟು ಸಂದು ಬಿಟ್ಟು ಜಾಕಿಗಳನ್ನು ನಿಲ್ಲಿಸಿಡಿ, ಕೆಳಗೆ ಯಾರೂ ನಿಲ್ಲಬೇಡಿ.

ಫೋನ್ ಮಾಡಿದ ಮೇಸ್ತ್ರಿಯವರು ಕೊನೆಗೆ, ‘ನಾನು ಕಟ್ಟಿದ ಯಾವ ಬೀಮ್ ಬೇಕಾದ್ರೂ ಟೆಸ್ಟ್ ಮಾಡಿ ಸಾರ್’ ಅಂದಿದ್ದರು. ಒಪ್ಪಿದ್ದೇನೆ. ಕವರ್ ಮೀಟರ್ ನಾನು ತರುತ್ತೇನೆ, ಟ್ಯಾಂಕರ್ ನೀರಿನ ದುಡ್ಡೂ ನನ್ನದೇ. ಜಾಕಿ ಮಾತ್ರ ಅವರು ತರಲಿ.